ಮೊಟ್ಟೆಯ ಮಾತು

ಮೈಕ್ರೋವೇವ್ ಓವನ್ ಕೊಂಡವರ ಮನೆಗೆ ಹೋಗಿ ಅದನ್ನು ಬಳಸುವುದು ಹೇಗೆಂದು ತೋರಿಸಿಕೊಡುವ ಕೆಲಸಕ್ಕೆ ನಾನು ಸೇರಿದ್ದನ್ನು ಅಪ್ಪ ಯಾರಿಗೂ ಹೇಳಿರಲಿಲ್ಲ. ಸರಸ್ವತಿ ನಗರದ ನಮ್ಮ ಬೀದಿಯವರು ಕೇಳಿದರೆ "ಕಂಪ್ಯೂಟರ್ ಕ್ಲಾಸಿಗೆ ಹೋಗ್ತಾಳ್ರಿ" ಎನ್ನುತ್ತಿದ್ದರು. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಮನೆಯಲ್ಲೇ ಕುಳಿತಿದ್ದೆ. ನೋಡಲು ಬಂದ ವರಗಳ ಕಡೆಯವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ಸುದ್ದಿ ಕಳಿಸುತ್ತಿರಲಿಲ್ಲ. ಕಳಿಸಿದವರು ಹರಿಹರದ ಒಂದು ಮನೆಯವರು ಮಾತ್ರ. "ಹುಡುಗಿ ನೋಡಾಕೆ ಚೆಂದೈತೆ, ಆದ್ರೆ ಬಾಯೇ ಬಿಡಲ್ಲ. ನಮ್ಮದು ನಾಲ್ಕು ಮಂದಿ ಬಂದು ಹೋಗೋ ಮನೆ" ಎಂದು ಮಧ್ಯಸ್ಥರ ಕೈಲಿ ಹೇಳಿಸಿದ್ದರು. ಅಮ್ಮ ಅದನ್ನು ನನಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುವಾಗ ನಾನು ಹಿತ್ತಲ ಬಾಗಿಲ ಆಚೆ ಬಟ್ಟೆ ಹಿಂಡುತ್ತಿದ್ದೆ. ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡಿದೆ.

ಕೆಲಸ ಕೊಟ್ಟವರು ಅಮ್ಮನ ಚಿಕ್ಕಪ್ಪನ ಮಗ ಕೊಟ್ಟೂರೇಶ್ ಮಾಮ. ಅವರದು ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಅಂಗಡಿ. ತೊಂಬತ್ತೆಂಟರಲ್ಲಿ ಹೊಸದಾಗಿ ಮೈಕ್ರೋವೇವ್ ತರಿಸಿದ್ದರು. ದಾವಣಗೆರೆಯಲ್ಲಿ ಅದನ್ನು ಕೊಳ್ಳುತ್ತಿದ್ದವರು ಡಾಕ್ಟರುಗಳು, ಮಿಲ್ಲಿನವರು, ಅಷ್ಟೇ. ಕೊಂಡವರಿಗೂ ಅದರಲ್ಲಿ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಸೂತಿ ಬಟ್ಟೆ ಹೊದಿಸಿ ಷೋಕೇಸಿನ ಪಕ್ಕ ಇಟ್ಟುಬಿಡುತ್ತಿದ್ದರು. "ಹೆಣ್ಣುಮಕ್ಕಳು ಹೋಗಿ ಹೇಳ್ಕೊಟ್ರೆ ಹೆಣ್ಣುಮಕ್ಕಳು ಕಲೀತಾರೆ" ಎಂಬುದು ಮಾಮನ ಲೆಕ್ಕ. ಆ ಕೆಲಸಕ್ಕೆ ಮೊದಲೇ ಸೇರಿದ್ದವಳು ಬಿಲ್ಕೀಸ್. ಕಾಲೇಜಿನಲ್ಲಿ ಮೂರು ವರ್ಷವೂ ನಾವಿಬ್ಬರೂ ಒಂದೇ ಬೆಂಚು. ನನ್ನನ್ನು ಸೇರಿಸಿಕೊಳ್ಳಿ ಎಂದು ಮಾಮನ ಬೆನ್ನು ಹತ್ತಿದವಳೂ ಅವಳೇ.

ನನಗೆ ಪಾಠ ಹೇಳಿದವಳೂ ಅವಳೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆರಳು ಮಡಚುತ್ತಾ ಹೇಳಿದಳು: "ಸ್ಟೀಲು, ಹಿತ್ತಾಳೆ, ಬೆಳ್ಳಿ ಯಾವುದೂ ಒಳಗೆ ಇಡಂಗಿಲ್ಲ. ಚಿನ್ನದ ಗೆರೆ ಇರೋ ಕಪ್ಪೂ ಇಡಂಗಿಲ್ಲ. ಖಾಲಿ ಓಡಿಸಂಗಿಲ್ಲ. ಒಳಗಿನ ಗೋಡೆಗೆ ರಟ್ಟಿನಂಥ ಹಾಳೆ ಐತಲ್ಲ, ಅದನ್ನ ಪ್ಯಾಕಿಂಗ್ ಅಂದ್ಕೊಂಡು ಕಿತ್ತು ಬಿಸಾಡಂಗಿಲ್ಲ. ತಂತಿ ನಾರು ಹಾಕಿ ತಿಕ್ಕಂಗಿಲ್ಲ. ಮತ್ತೆ ಮೊಟ್ಟೆ. ಸಿಪ್ಪೆ ಸಮೇತ ಇಟ್ರೆ ಬಾಂಬೇ ಅದು. ಒಳಗೇ ಸಿಡಿದ್ರೆ ಪುಣ್ಯ, ಬಾಗಿಲು ತೆಗೆದಾಗ ಮುಖಕ್ಕೆ ಸಿಡಿಯೋದೇ ಜಾಸ್ತಿ. ಬೇರೆ ಏನು ಮರೆತ್ರೂ ಇದನ್ನ ಮರೀಬ್ಯಾಡ ಕಣೇ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾಮ, "ನಮ್ಮ ಮಂದಿ ಮನೆಗೆ ಹೋದಾಗ ಆ ಕೊನೇದೊಂದು ಬಿಟ್ಟುಬಿಡವ್ವ ವಾಣಿ" ಎಂದರು. "ಲಿಂಗ ಕಟ್ಟಿದೋರ ಅಡುಗೆಮನೆಯಾಗ ನಿಂತ್ಕೊಂಡು ಮೊಟ್ಟೆ ಅಂದ್ರೆ ಮಷೀನು ಸಮೇತ ಹೊರಗೆ ಹಾಕ್ತಾರೆ."

"ಯಾರಾದ್ರೂ ಇಟ್ರೆ ಸಾರ್?" ಎಂದಳು ಬಿಲ್ಕೀಸ್.

"ಯಾರಿಡ್ತಾರೆ? ನಮ್ಮೋರಾ?" ಮಾಮ ಜೋರಾಗಿ ನಕ್ಕರು.

ನನಗೂ ಸಮಾಧಾನವೇ ಆಯಿತು. ನಮ್ಮ ಮನೆಯಲ್ಲಿ ಆ ಪದವನ್ನೇ ಯಾರೂ ಆಡುವುದಿಲ್ಲ. ಅಂಗಡಿ ಮುಂದೆ ಟ್ರೇಗಳನ್ನು ಕಂಡರೆ ಅಮ್ಮ ಸೆರಗನ್ನು ಮೂಗಿಗೆ ಹಿಡಿದು ದಾಟುತ್ತಾಳೆ. ಗುರುತಿಲ್ಲದವರ ಮುಂದೆ ಬಾಯಿ ಬಿಡುವುದೇ ನನಗೆ ಕಷ್ಟ. ಆಡಬೇಕಾದ ಮಾತು ಒಂದು ಕಡಿಮೆಯಾದರೆ ಅಷ್ಟೇ ಒಳ್ಳೆಯದು ಎನಿಸಿತು.

ಹರಿಹರಕ್ಕೆ ಹೋಗಬೇಕೆಂದು ಮಾಮ ವಿಳಾಸದ ಚೀಟಿ ಕೊಟ್ಟಾಗ ಅದರಲ್ಲಿದ್ದದ್ದು ಮಹಾಂತೇಶ್ ಎಂಬ ಹೆಸರು, ದೇವಸ್ಥಾನದ ಹತ್ತಿರದ ಒಂದು ಬೀದಿ. ನನ್ನನ್ನು ನೋಡಿ ಹೋದ ವರನ ಹೆಸರೂ ಮಹಾಂತೇಶನೇ. ಆ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ ಎಂದುಕೊಂಡು ಬಸ್ಸು ಹತ್ತಿದೆ. ಅವರ ಪಡಸಾಲೆಗೆ ಕಾಲಿಟ್ಟಾಗ ಸೋಫಾದ ಮೇಲೆ ಕುಳಿತಿದ್ದವರು ಮರುಳಸಿದ್ದಮ್ಮ. ನಮ್ಮ ಮನೆಯ ಬೆತ್ತದ ಕುರ್ಚಿಯಲ್ಲಿ ಕುಳಿತು "ಹಾಡು ಬರ್ತೈತೇನವ್ವಾ?" ಎಂದು ಕೇಳಿದ್ದ ಅದೇ ಅಮ್ಮ. ಅವತ್ತು ನಾನು ಬರುತ್ತದೆಂದೂ ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ.

"ಬಾರವ್ವ, ಅಂಗಡಿ ಹುಡುಗಿ ಏನು? ಚಪ್ಪಲಿ ಅಲ್ಲೇ ಬಿಡು" ಎಂದರು. ಗುರುತು ಸಿಕ್ಕಂತೆ ಕಾಣಲಿಲ್ಲ. ಗುರುತು ಹಿಡಿದಿದ್ದರೆ ನೆಲಕ್ಕೆ ಇಳಿದುಹೋಗುತ್ತಿದ್ದೆ, ನಿಜ. ಆದರೆ ಹಿಡಿಯದೆ ಹೋದದ್ದು ಅದಕ್ಕಿಂತ ಹೆಚ್ಚು ಚುಚ್ಚಿತು. ಒಂದು ಮಧ್ಯಾಹ್ನವಿಡೀ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ಕಣ್ಣುಗಳಲ್ಲಿ ನಾನು ಉಳಿದೇ ಇರಲಿಲ್ಲ.

ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಓವನ್ ಕೂಡಿಸಿದ್ದರು. ಅದರ ಬಾಗಿಲಿಗೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಅವರ ಹಿಂದೆ ಗೋಡೆಗೆ ಒರಗಿ ತೆಳ್ಳಗಿನ, ಬಿಳಿಚಿದ ಮುಖದ ಹುಡುಗಿಯೊಬ್ಬಳು ನಿಂತಿದ್ದಳು. "ನಮ್ಮ ಸೊಸೆ ರೂಪಶ್ರೀ. ಆಕಿಗೇ ಹೇಳ್ಕೊಡು, ನನಗೆ ಇದೆಲ್ಲ ತಲಿಗೆ ಹೋಗಲ್ಲ" ಎಂದರು ಮರುಳಸಿದ್ದಮ್ಮ. ನಾನು ರೂಪಶ್ರೀಯನ್ನು ನೋಡಿದೆ. ನನ್ನ ಬದಲಿಗೆ ಬಂದವಳು.

ಗಾಜಿನ ಲೋಟದಲ್ಲಿ ನೀರು ಕಾಯಿಸಿ ತೋರಿಸಿದೆ. ಎಣ್ಣೆಯಿಲ್ಲದೆ ಹಪ್ಪಳ ಸುಟ್ಟು ತೋರಿಸಿದೆ. ಟಿಣ್ ಎಂದು ಗಂಟೆ ಬಾರಿಸಿದಾಗಲೆಲ್ಲ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

"ಬೆಂಕಿ ಇಲ್ದಂಗೆ ಬೇಯ್ತೈತೆ ಅಂದ್ರೆ ಒಳಗೇನು ದೆವ್ವ ಐತೇನೇ?" ಎಂದರು ಪಕ್ಕದ ಮನೆಯ ಕಮಲಕ್ಕ.

"ಇದ್ರೆ ಇರ್ಲಿ ಬಿಡೇ, ನಮ್ಮನೆಯಾಗ ಇರೋ ದೆವ್ವ ಕುಂತು ಉಣ್ತೈತೆ. ಇದು ಅಡಿಗೆನಾದ್ರೂ ಮಾಡ್ತೈತೆ" ಎಂದು ಇನ್ನೊಬ್ಬರು ತಮ್ಮ ಗಂಡನನ್ನು ಮಾತಿಗೆ ಎಳೆದರು. ಎಲ್ಲರೂ ನಕ್ಕರು.

ಸ್ಟೀಲು ಇಡಬಾರದು ಎಂದಾಗ ಮಾತ್ರ ನಗು ನಿಂತಿತು. ಮರುಳಸಿದ್ದಮ್ಮ ಗೋಡೆಯುದ್ದಕ್ಕೂ ಜೋಡಿಸಿಟ್ಟ ಪಾತ್ರೆಗಳನ್ನು ನೋಡಿ, "ಹಂಗಾರೆ ಇದಕ್ಕೊಂದು ಬ್ಯಾರೆ ಸಂಸಾರ ಹೂಡ್ಬೇಕು ಅನ್ನು" ಎಂದರು. ಕೊನೆಗೆ ಮಗ ಪೇಟೆಯಿಂದ ತಂದಿದ್ದ ಗಾಜಿನ ಬೋಗುಣಿಗಳು ಹೊರಬಂದವು.

ಇಡಬಾರದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಬಂದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಮುಚ್ಚಳ ಬಿಗಿದ ಡಬ್ಬಿ ಇಡಬಾರದು, ಆಲೂಗಡ್ಡೆಯನ್ನು ಚುಚ್ಚದೆ ಇಡಬಾರದು ಎನ್ನುವಲ್ಲಿಗೆ ಬಂದು ನಿಂತೆ. ಮುಂದಿನ ಪದ ಬಾಯಿಗೆ ಬಂದಿತ್ತು. ಎದುರಿಗೆ ಮರುಳಸಿದ್ದಮ್ಮನ ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ ಹೊಳೆಯುತ್ತಿತ್ತು.

"ಮತ್ತೇನು ಇಡಬಾರ್ದು ಮೇಡಂ?" ಎಂದಳು ರೂಪಶ್ರೀ. ಅಲ್ಲಿಯವರೆಗೆ ಒಂದೂ ಮಾತಾಡದಿದ್ದವಳು ಗೋಡೆ ಬಿಟ್ಟು ಮುಂದೆ ಬಂದಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಅಷ್ಟೇ" ಎಂದೆ.

ಅವತ್ತಿನ ದಿನಚರಿಯಲ್ಲಿ 'ಹರಿಹರ' ಎಂದಷ್ಟೇ ಬರೆದು ಮುಚ್ಚಿಟ್ಟೆ.

ಮುಂದಿನ ವಾರ ಅಂಗಡಿಗೆ ಫೋನು ಬಂತು. ಮಾಮ ರಿಸೀವರನ್ನು ಕಿವಿಯಿಂದ ದೂರ ಹಿಡಿದುಕೊಂಡರು. ಮರುಳಸಿದ್ದಮ್ಮನ ದನಿ ನನಗೂ ಬಿಲ್ಕೀಸಳಿಗೂ ಕೇಳುವಷ್ಟಿತ್ತು. "ನಿಮ್ಮ ಪೆಟಿಗೆ ನಾರ್ತಾ ಐತ್ರಿ! ಹಾಲು ಕಾಯಿಸಿದ್ರೆ ಹಾಲು ನಾರ್ತೈತೆ, ನೀರು ಕಾಯಿಸಿದ್ರೆ ನೀರು ನಾರ್ತೈತೆ. ಇದನ್ನ ತಗಂಡು ಹೋಗ್ರಿ, ಇಲ್ಲಾ ಬೀದಿಗೆ ಇಡ್ತೀನಿ."

ಬಿಲ್ಕೀಸ್ ನನ್ನತ್ತ ತಿರುಗಿ, "ಒಳಗೆ ಏನೋ ಉಕ್ಕೈತೆ, ಒರೆಸಿಲ್ಲ. ನಿಂಬೆಹಣ್ಣು ಹಿಂಡಿದ ನೀರು ಇಟ್ಟು ಕುದಿಸು. ಹಬೆಗೆ ಎಲ್ಲಾ ಬಿಡ್ತೈತೆ" ಎಂದು ತನ್ನ ಡಬ್ಬಿಯಲ್ಲಿದ್ದ ಎರಡು ನಿಂಬೆಹಣ್ಣು ತೆಗೆದು ನನ್ನ ಚೀಲಕ್ಕೆ ಹಾಕಿದಳು.

ಈ ಸಲ ಮಾಮನೂ ಅಂಗಡಿಯ ವ್ಯಾನಿನಲ್ಲಿ ಜೊತೆಗೆ ಬಂದರು. ಬಾಗಿಲು ತೆರೆದವಳು ರೂಪಶ್ರೀ. ಅವಳ ಎಡಗೆನ್ನೆಯಲ್ಲಿ, ಕಣ್ಣಿನ ಕೆಳಗೆ, ಕೆಂಪಗೆ ಬೆಂದ ಗುರುತಿತ್ತು. ಚರ್ಮ ಸುಲಿದು ಹೊಳೆಯುತ್ತಿತ್ತು. ನಾನು ನೋಡಿದ್ದನ್ನು ನೋಡಿ, "ಒಗ್ಗರಣೆ ಸಿಡೀತು" ಎಂದಳು. ನಾನು ಕೇಳಿರಲೇ ಇಲ್ಲ.

ಅಡುಗೆಮನೆಯಲ್ಲಿ ಓವನ್ನಿನ ಬಾಗಿಲು ತೆರೆದೆ. ಹಳೆಯ, ಕೊಳೆತಂಥ ವಾಸನೆ. ನಿಂಬೆ ನೀರು ಇಟ್ಟು ಕುದಿಸಿ, ಗಾಜಿನ ತಟ್ಟೆ ಹೊರತೆಗೆದೆ. ತಟ್ಟೆ ತಿರುಗಲು ಕೆಳಗೆ ಚಕ್ರಗಳಿರುವ ಒಂದು ಬಳೆ ಇರುತ್ತದೆ. ಆ ಬಳೆಯ ಸುತ್ತ ಹಳದಿಯದೇನೋ ಒಣಗಿ ಅಂಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಉಗುರಿನಷ್ಟು ದೊಡ್ಡ ಬಿಳಿಯ ಚೂರೊಂದು ಬೆರಳಿಗೆ ಸಿಕ್ಕಿತು. ತೆಳ್ಳಗೆ, ಕೊಂಚ ಬಾಗಿತ್ತು. ಒಳಮೈಗೆ ಕಾಗದದಂಥ ಪೊರೆ ಹತ್ತಿತ್ತು.

ತಿರುಗಿ ರೂಪಶ್ರೀಯನ್ನು ನೋಡಿದೆ. ಅವಳು ಕಟ್ಟೆಯ ಅಂಚು ಹಿಡಿದು ನಿಂತಿದ್ದಳು. ಅವಳ ತುಟಿ ಮಾತ್ರ ಅಲುಗಿತು. ಬ್ಯಾಡ ಎಂದಳು.

ಆಗ ನನ್ನೊಳಗೆ ಆದದ್ದನ್ನು ನೆನೆದರೆ ಈಗಲೂ ಮೈ ಮುದುರುತ್ತದೆ. ನನಗೆ ಹಿತವಾಯಿತು. ಬಾಯಿಲ್ಲದ ಹುಡುಗಿ ಬೇಡವೆಂದು ಆರಿಸಿ ಆರಿಸಿ ತಂದ ಸೊಸೆ ನೋಡಿ, ಲಿಂಗ ಕಟ್ಟಿದ ಮನೆಯ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಿದ್ದಾಳೆ! ಈ ಚೂರನ್ನು ಮರುಳಸಿದ್ದಮ್ಮನ ಅಂಗೈಗೆ ಇಟ್ಟರೆ ಸಾಕು. ಒಂದು ಉಸಿರಿನಷ್ಟು ಹೊತ್ತು ಆ ಯೋಚನೆ ಬೆಲ್ಲದಂತೆ ನಾಲಿಗೆಯ ಮೇಲಿತ್ತು. ಆಮೇಲೆ ಅವಳ ಕೆನ್ನೆ ಕಂಡಿತು. 'ಮತ್ತೇನು ಇಡಬಾರ್ದು ಮೇಡಂ' ಎಂದು ಅವಳು ಕೇಳಿದ್ದು ಇದನ್ನೇ. ಅತ್ತೆಯ ಮುಂದೆ ಕೇಳಬಹುದಾದಷ್ಟನ್ನು ಕೇಳಿದ್ದಳು. ನಾನು ಅಷ್ಟೇ ಎಂದಿದ್ದೆ. ಆ ಗಾಯ ಇನ್ನು ಒಂದು ಬೆರಳು ಮೇಲಾಗಿದ್ದರೆ ಕಣ್ಣು.

ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ತಡವಾಗಿತ್ತು.

"ಏನವ್ವಾ ಅದು ಕೈಯಾಗ?" ಮರುಳಸಿದ್ದಮ್ಮ ನನ್ನ ಹಿಂದೆಯೇ ನಿಂತಿದ್ದರು. ಕೈ ಬಿಚ್ಚಿಸಿ, ಚೂರನ್ನು ಬೆಳಕಿಗೆ ಹಿಡಿದು ನೋಡಿದರು. "ಏನ್ರೀ ಇದು, ಸುಣ್ಣದ ಹಕ್ಕಳೆ ಇದ್ದಂಗೈತಲ್ಲ?"

ಬಾಗಿಲಲ್ಲಿದ್ದ ಕೊಟ್ಟೂರೇಶ್ ಮಾಮ ಬಗ್ಗಿ ನೋಡಿ, "ಮೊಟ್ಟೆ ಸಿಪ್ಪೆ ಅಲ್ಲೇನ್ರೀ ಅದು" ಎಂದುಬಿಟ್ಟರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಭಾಳ ಲಗೂನ ಗುರ್ತು ಹಿಡಿದ್ರಿ ಬಿಡ್ರಿ" ಎಂದರು ಮರುಳಸಿದ್ದಮ್ಮ. ಚೂರನ್ನು ನೆಲಕ್ಕೆ ಬೀಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ನನ್ನ ಮನ್ಯಾಗ ಇದು ಎಲ್ಲಿಂದ ಬಂತು?" ಎಂದರು. ಪ್ರಶ್ನೆ ಇಡೀ ಮನೆಗೆ ಕೇಳಿದಂತಿತ್ತು. ಕಣ್ಣು ಮಾತ್ರ ಸೊಸೆಯತ್ತ ತಿರುಗುತ್ತಿತ್ತು.

ಅವಳ ಮೇಲೆ ಆ ಕಣ್ಣು ಬೀಳಬಾರದು ಎಂದಷ್ಟೇ ನನಗೆ ಅನಿಸಿದ್ದು. ಜನ್ಮದಲ್ಲಿ ಮೊದಲ ಬಾರಿಗೆ ಯಾರೂ ಕೇಳದೆ ಬಾಯಿ ಬಿಟ್ಟೆ.

"ಅಂಗಡೀದು ಅಮ್ಮಾ. ಅಂಗಡಿಯಲ್ಲಿ ಈ ಮಷೀನು ಹಚ್ಚಿ ತೋರಿಸಿದ್ದರು. ಬಿಲ್ಕೀಸ್ ಅಂತ ಒಬ್ಬಳಿದ್ದಾಳೆ. ಅವಳು ಬೇಯಿಸಿದ್ದಿರಬೇಕು."

ಆ ಹೆಸರು ಎಷ್ಟು ಸಲೀಸಾಗಿ ಬಂತು! ಹುಡುಕಲೇ ಇಲ್ಲ. ನನ್ನ ಹೆಸರನ್ನೇ ಹೇಳಬಹುದಿತ್ತು. ಆದರೆ ನನ್ನ ಹೆಸರು ಹೇಳಿದರೆ ಯಾರೂ ನಂಬುವುದಿಲ್ಲ, ಅವಳ ಹೆಸರು ಹೇಳಿದರೆ ಯಾರೂ ಮರುಮಾತು ಕೇಳುವುದಿಲ್ಲ ಎಂಬುದು ನನ್ನ ನಾಲಿಗೆಗೆ ನನಗಿಂತ ಮೊದಲು ಗೊತ್ತಿತ್ತು. ಹಾಗೆಯೇ ಆಯಿತು.

"ಆಂ, ಹಂಗೋ!" ಎಂದರು ಮರುಳಸಿದ್ದಮ್ಮ. ಅವರ ಮುಖದಿಂದ ಅನುಮಾನ ಹೋಗಿ ಕೋಪ ಬಂತು. "ಅಂಥಾ ಮಷೀನು ನಮ್ಮ ಮನೆಗೆ ಕೊಟ್ರಾ? ಸೋಮವಾರ ಅಯ್ಯನೋರು ಬಂದಾಗ ಇದ್ರಾಗ ಹಾಲು ಕಾಯಿಸಿ ಕೊಟ್ಟೀನಲ್ರೀ! ಅವರ ಪಾದ ತೊಳೆದ ಕೈಯಿಂದ! ಆ ಹುಡುಗೀನ ಇಟ್ಕೊಂಡು ನಮ್ಮಂಥೋರಿಗೆ ಹೆಂಗೆ ವ್ಯಾಪಾರ ಮಾಡ್ತೀರಿ ನೀವು?"

ಆ ಓವನ್ನಿನ ರಟ್ಟಿನ ಪೆಟ್ಟಿಗೆಯ ಪಟ್ಟಿ ಕತ್ತರಿಸಿದ್ದು ಇದೇ ಮನೆಯ ಪಡಸಾಲೆಯಲ್ಲಿ, ಮಾಮನ ಕೈಯಿಂದಲೇ. ಸಿಟ್ಟಿನಲ್ಲಿ ಮರುಳಸಿದ್ದಮ್ಮನಿಗೆ ಅದು ನೆನಪಾಗಲಿಲ್ಲ. ಮಾಮನಿಗೆ ನೆನಪಿತ್ತು. ನನ್ನನ್ನು ಒಮ್ಮೆ ನೋಡಿದರು. ರೂಪಶ್ರೀಯ ಕೆನ್ನೆಯನ್ನು ಒಮ್ಮೆ ನೋಡಿದರು. ಆಮೇಲೆ ಕೈ ಮುಗಿದು, "ತಪ್ಪಾತ್ರೀ ಅಕ್ಕಾರೆ. ಹೊಸ ಮಷೀನು ಕಳಿಸ್ತೀನಿ. ನಾಳೆಯಿಂದ ಆಕಿ ನಮ್ಮ ಅಂಗಡ್ಯಾಗ ಇರಲ್ಲ, ಸಾಕಲ್ಲ?" ಎಂದರು.

ನನ್ನ ಚೀಲದಲ್ಲಿ ಬಿಲ್ಕೀಸ್ ಕೊಟ್ಟ ಇನ್ನೊಂದು ನಿಂಬೆಹಣ್ಣು ಹಾಗೆಯೇ ಇತ್ತು. ಇಲ್ಲ ಮಾಮ, ಅವಳಲ್ಲ ಎನ್ನಬೇಕು. ಅಂದರೆ ಮತ್ತೆ ಯಾರು ಎನ್ನುತ್ತಾರೆ. ಸುಳ್ಳಿಗೆ ಬಿಚ್ಚಿದ ಬಾಯಿ ನಿಜಕ್ಕೆ ಬಿಚ್ಚಲಿಲ್ಲ. ತಲೆ ತಗ್ಗಿಸಿ ಒರೆಸುವ ಬಟ್ಟೆಯನ್ನು ಮಡಚತೊಡಗಿದೆ.

"ಅತ್ತೆ" ಎಂದಳು ರೂಪಶ್ರೀ.

"ನೀನು ಸುಮ್ನಿರು, ನಿನಗೆ ತಿಳಿಯಲ್ಲ."

"ಅತ್ತೆ, ನಾನೇ ಬೇಯಿಸಿದ್ದು."

ಅವಳು ಅಳಲಿಲ್ಲ. ಒಂದೇ ಸಮನೆ ಹೇಳಿಬಿಟ್ಟಳು. "ಡಾಕ್ಟ್ರು ಹೇಳಿದ್ರಲ್ಲ ರಕ್ತ ಭಾಳ ಕಡಿಮೆ ಐತೆ ಅಂತ. ಹಾಲು, ಸೊಪ್ಪು ಅಂದಿದ್ದು ನಿಮಗೆ ಹೇಳಿದೆ. ದಿನಾ ಒಂದು ಮೊಟ್ಟೆ ತಿನ್ನು, ಇಲ್ಲಾಂದ್ರೆ ಕೂಸಿಗೆ ತೊಂದ್ರೆ ಅಂದಿದ್ದು ಹೇಳ್ಲಿಲ್ಲ. ಇವರು ತಂದುಕೊಟ್ರು. ನಿಮ್ಮ ಒಲಿ ಮೇಲೆ ಇಡಾಕೆ ನನಗೆ ಮನಸ್ಸು ಬರ್ಲಿಲ್ಲ ಅತ್ತೆ. ಇದ್ರಾಗ ಬೆಂಕಿ ಇಲ್ಲ, ಒಲಿ ಅಲ್ಲ ಇದು, ಮೈಲಿಗಿ ಆಗಲ್ಲ ಅಂದ್ಕೊಂಡೆ. ನೀವು ಗುಡಿಗೆ ಹೋದಾಗ ಇಟ್ಟೆ. ಬಾಗಿಲು ತೆಗೆದೆ, ಸಿಡೀತು."

"ಮಹಾಂತೇಶ ತಂದುಕೊಟ್ನಾ?"

"ಹೂಂ."

"ನನ್ನ ಮಗ. ಮೊಟ್ಟೆ."

ಮರುಳಸಿದ್ದಮ್ಮ ಗೋಡೆ ಹಿಡಿದುಕೊಂಡು ಮಣೆಯ ಮೇಲೆ ಕುಳಿತರು. ಕೂಗಾಡುತ್ತಾರೆ ಎಂದು ನಾವು ಮೂವರೂ ಕಾದೆವು. ಅವರು ಸೊಸೆಯ ಕೆನ್ನೆ ನೋಡಿ, "ಒಗ್ಗರಣೆ ಅಂದಿ. ಅವತ್ತು ಮನ್ಯಾಗ ಒಗ್ಗರಣೆನೇ ಹಾಕಿರಲಿಲ್ಲ, ನಿನ್ನಿ ಸಾರೇ ಇತ್ತು" ಎಂದರು. "ಕಣ್ಣಿಗೆ ತಾಗೈತೇನು?"

"ಇಲ್ಲತ್ತೆ."

"ನನ್ನ ಕೇಳಿದ್ರೆ ಬ್ಯಾಡ ಅಂತಿದ್ದೆ, ಸುಳ್ಳು ಯಾಕ ಹೇಳ್ಲಿ. ಡಾಕ್ಟ್ರನ್ನೂ ಬೈತಿದ್ದೆ. ಅದಕ್ಕೇ ಕೇಳ್ಲಿಲ್ಲ ನೀವು." ಮೂಗು ಒರೆಸಿಕೊಂಡರು. "ಈ ಪೆಟಿಗೆ ನನ್ನ ಅಡುಗೆಮನ್ಯಾಗ ಇರಂಗಿಲ್ಲ. ಮ್ಯಾಲೆ ನಿಮ್ಮ ಕೋಣ್ಯಾಗ ಇಟ್ಕೊಳ್ರಿ. ಅಲ್ಲಿ ಏನು ಮಾಡ್ತೀರಿ ಅಂತ ನಾನು ಹತ್ತಿ ಬಂದು ನೋಡಲ್ಲ, ನನಗೆ ಮೊಣಕಾಲು ನೋವು." ಮೊಣಕಾಲು ನೋವಿನವರು ದಿನಾ ಗುಡಿಯ ಮೆಟ್ಟಿಲು ಹತ್ತುತ್ತಿದ್ದರು.

ಮಾಮ ಬೆವರೊರೆಸಿಕೊಂಡು, "ಭಾಳ ದೊಡ್ಡ ಮನಸ್ಸು ಅಕ್ಕಾರೆ" ಎನ್ನಲು ಹೋದರು.

"ನೀವು ಸುಮ್ನಿರ್ರಿ. ನಾನೊಂದು ಮಾತು ಅಂದ್ರೆ ಸಾಕು, ಆ ಅಂಗಡಿ ಹುಡುಗಿ ಹೊಟ್ಟಿ ಮೇಲೆ ಹೊಡಿಯೋರು ನೀವು." ಆಮೇಲೆ ನನ್ನ ಕಡೆ ತಿರುಗಿದರು. "ವಾಮದೇವಪ್ಪನೋರ ಮಗಳಲ್ಲೇನು ನೀನು? ಸರಸ್ವತಿ ನಗರ."

ತಲೆಯಾಡಿಸಿದೆ.

"ಮೊದಲ ದಿನಾನೇ ಗುರ್ತು ಸಿಕ್ಕಿತ್ತು. ನೀನಾಗೇ ಏನಾದ್ರೂ ಅಂತೀಯೇನೋ ಅಂತ ಸುಮ್ನಿದ್ದೆ. ಅನ್ಲಿಲ್ಲ. ಇವತ್ತು ಬಾಯಿ ಬಿಟ್ಟೆ, ಏನಂತ ಬಿಟ್ಟೆ?"

ರೂಪಶ್ರೀ ನನ್ನ ಪಕ್ಕಕ್ಕೆ ಬಂದು ನಿಂತಳು. "ಬಿಡ್ರಿ ಅತ್ತೆ, ನನ್ನ ಸಲುವಾಗಿ ಅಂದ್ರು" ಎಂದಳು. ಆ ಸಮಾಧಾನವನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು. ಆಮೇಲೆ ಅವಳು ಮೆಲ್ಲಗೆ, "ಹಂಗಾರೆ ಮೊಟ್ಟೇನ ಇದ್ರಾಗ ಹೆಂಗೆ ಬೇಯಿಸ್ಬೇಕು ಮೇಡಂ? ಈಗಾದ್ರೂ ಹೇಳ್ರಿ" ಎಂದಳು.

ಇಡಬಾರದು ಎಂಬುದು ನನಗೆ ಗೊತ್ತಿತ್ತು. ಹೇಗೆ ಇಡಬೇಕೆಂಬುದು ಗೊತ್ತಿರಲಿಲ್ಲ. ಇಷ್ಟು ವಯಸ್ಸಾದರೂ ಒಂದು ಮೊಟ್ಟೆಯನ್ನು ನಾನು ಕೈಯಿಂದ ಮುಟ್ಟಿದವಳಲ್ಲ. ಬಿಲ್ಕೀಸ್ ತೋರಿಸುತ್ತೇನೆ ಎಂದಾಗ ಮೂಗು ಮುಚ್ಚಿಕೊಂಡು ಹೊರಗೆ ಹೋಗಿ ನಿಂತಿದ್ದೆ.

"ನನಗೂ ಗೊತ್ತಿಲ್ಲ" ಎಂದೆ. "ಬಿಲ್ಕೀಸ್‌ಗೆ ಗೊತ್ತು."

ಮರುಳಸಿದ್ದಮ್ಮ ಪಡಸಾಲೆಯ ಕಡೆ ಕೈ ತೋರಿಸಿದರು. "ಫೋನ್ ಐತಲ್ಲ. ಕೇಳು."

ಫೋನು ಇದ್ದದ್ದು ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ, ಸಣ್ಣ ಸ್ಟೂಲಿನ ಮೇಲೆ. ಎಲ್ಲರೂ ಹಿಂದೆಯೇ ಬಂದರು. ಅಂಗಡಿಯ ನಂಬರು ಒತ್ತಿದೆ. ಬಿಲ್ಕೀಸಳೇ ಎತ್ತಿದಳು. ಹಿಂದೆ ಯಾರೋ ಗಿರಾಕಿ ಮಿಕ್ಸಿ ಓಡಿಸಿ ನೋಡುತ್ತಿದ್ದ ಸದ್ದು.

"ಬಿಲ್ಕೀಸ್, ನಾನು. ಅದು... ಅದನ್ನ ಹೇಗೆ ಬೇಯಿಸ್ಬೇಕು?"

"ಯಾವುದನ್ನ? ಜೋರಾಗಿ ಹೇಳೇ, ಕೇಳ್ತಿಲ್ಲ!"

ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮರುಳಸಿದ್ದಮ್ಮ ಕಣ್ಣು ಮುಚ್ಚಿಕೊಂಡರು.

"ಮೊಟ್ಟೆ" ಎಂದೆ. ಮಿಕ್ಸಿ ಅದೇ ಹೊತ್ತಿಗೆ ನಿಂತಿತೇನೋ, ನನ್ನ ಕೂಗು ನನಗೇ ದೊಡ್ಡದಾಗಿ ಕೇಳಿಸಿತು.

ಬಿಲ್ಕೀಸ್ ನಗತೊಡಗಿದಳು. "ಏನೇ ವಾಣಿ! ಹರಿಹರಕ್ಕೆ ಹೋಗಿ ಜಾತಿ ಕೆಟ್ಟೇನೇ?" ನಗುತ್ತಾ ನಗುತ್ತಾ ಹೇಳಿದಳು. ಸಿಪ್ಪೆ ಒಡೆದು ಗಾಜಿನ ಬಟ್ಟಲಿಗೆ ಹಾಕಬೇಕು, ಹಳದಿಯನ್ನು ಪಿನ್ನಿನಿಂದ ಎರಡು ಕಡೆ ಚುಚ್ಚಬೇಕು, ಒಂದು ಚಮಚ ನೀರು ಬಿಡಬೇಕು, ಸಡಿಲವಾಗಿ ಮುಚ್ಚಬೇಕು, ಶಾಖವನ್ನು ಅರ್ಧಕ್ಕೆ ಇಳಿಸಬೇಕು, ಆಫಾದ ಮೇಲೆ ತಕ್ಷಣ ತೆಗೆಯಬಾರದು. ಅವಳು ಹೇಳಿದ್ದನ್ನೆಲ್ಲ ನಾನು ರೂಪಶ್ರೀಗೆ ಕೇಳುವಂತೆ ಗಟ್ಟಿಯಾಗಿ ಮತ್ತೆ ಹೇಳಿದೆ. ರೂಪಶ್ರೀ ಒಂದೊಂದಕ್ಕೂ ಹೂಂಗುಟ್ಟಿದಳು.

"ಆ ಮನ್ಯಾಗ ಮೊಟ್ಟೆ ಅಂದ್ರೆ ಯಾರೋ ಬಸುರಿಗೇ ಇರ್ಬೇಕು, ಪಾಪ. ಚೆನ್ನಾಗಿ ನೋಡ್ಕೊಳ್ಳೋಕೆ ಹೇಳು" ಎಂದಳು ಬಿಲ್ಕೀಸ್. "ನಿಂಬೆಹಣ್ಣು ಕೆಲಸ ಮಾಡ್ತೇನೇ?"

"ಮಾಡ್ತು" ಎಂದು ಫೋನಿಟ್ಟೆ.

ಮರುಳಸಿದ್ದಮ್ಮ ಕಣ್ಣು ತೆರೆದರು. "ಹೇಳಿದ್ಯಾ?"

"ಏನನ್ನ?"

"ನೀನು ಆಕಿ ಹೆಸರು ಹಿಡಿದಿದ್ದು."

ಮಾಮ ಗಂಟಲು ಸರಿಮಾಡಿಕೊಂಡು, "ಆಕಿಗೆ ಗೊತ್ತೇ ಆಗಲ್ಲ ಬಿಡ್ರಿ ಅಕ್ಕಾರೆ. ನಾನೂ ಕೆಲಸದಿಂದ ತೆಗಿಯಲ್ಲ, ಇವಳೂ ಹೇಳಲ್ಲ, ಮುಗೀತಲ್ಲ" ಎಂದರು. ನನಗೂ ಅದೇ ಆಸೆಯಾಗಿತ್ತು. ಸಂಜೆ ಅಂಗಡಿಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತು ಟೀ ಕುಡಿಯಬಹುದು. ಅವಳು ಮೊಟ್ಟೆಯ ಜೋಕನ್ನು ಎಲ್ಲರಿಗೂ ಹೇಳಿ ನಗುತ್ತಾಳೆ, ನಾನೂ ನಗುತ್ತೇನೆ.

"ಸೋಮವಾರ ಅಯ್ಯನೋರು ಮತ್ತೆ ಬರ್ತಾರೆ" ಎಂದರು ಮರುಳಸಿದ್ದಮ್ಮ. "ಹೋದ ವಾರ ಎಂಥಾ ಹಾಲು ಕುಡಿದ್ರಿ ಅಂತ ನಾನು ಅವರಿಗೆ ಹೇಳ್ಬೇಕು. ಈ ವಯಸ್ಸಿನಾಗ. ಅವರು ನಮ್ಮ ಹೊಸ್ತಿಲು ಮತ್ತೆ ತುಳೀತಾರೋ ಇಲ್ಲೋ." ಸ್ಟೂಲಿನ ಮೇಲಿನ ಫೋನನ್ನು ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ನೀನು ಹೇಳ್ಬೇಕಾಗಿರೋದು ಬರೀ ಗೆಳತಿಗೆ. ಫೋನು ಹಚ್ಚು."

ರೂಪಶ್ರೀ ಹೊರಗೆ ಹೋಗಿ ನಿಂತಳು. ಮಾಮ ವ್ಯಾನಿನ ಬೀಗದ ಕೈ ಹುಡುಕಿಕೊಳ್ಳುತ್ತಾ ಅವಳ ಹಿಂದೆ ಹೋದರು. ಮರುಳಸಿದ್ದಮ್ಮ ಮಾತ್ರ ಕದಲಲಿಲ್ಲ. ನಂಬರು ಒತ್ತುವಾಗ ಎರಡು ಸಲ ತಪ್ಪಿತು.

"ಹಲೋ" ಎಂದಳು ಬಿಲ್ಕೀಸ್. ದನಿಯಲ್ಲಿ ಆಗಿನ ನಗು ಇನ್ನೂ ಆರಿರಲಿಲ್ಲ. "ಮತ್ತೇನು ಮರೆತ್ಯೇ?"

"ಬಿಲ್ಕೀಸ್" ಎಂದೆ. "ಅಲ್ಲಿ ಯಾರಾದ್ರೂ ಇದ್ರೆ ಸ್ವಲ್ಪ ಆಕಡೆ ಕಳಿಸು. ನಾನೊಂದು ಮಾತು ಹೇಳ್ಬೇಕು. ಕೇಳಿದ ಮೇಲೆ ನೀನು ಫೋನು ಇಟ್ಟುಬಿಡಬಹುದು."

ಅವಳ ನಗು ನಿಂತಿತು. ಕುರ್ಚಿ ಎಳೆದ ಸದ್ದು ಕೇಳಿಸಿತು.

"ಹೇಳು" ಎಂದಳು.